ನೀರು ನಿಲ್ಲುವವರೆಗೆ

ನನ್ನ ಗಂಡ ಯೆರ್ನೇಯ್ ಮರ ಕೊಯ್ಯುವ ಮಿಲ್ಲಿನಲ್ಲಿ ಜೀವ ಸವೆಸಿದವನು. ಹಲಗೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅವನ ಕಣ್ಣಿಗೆ ಬೀಳುತ್ತಿತ್ತು. ರಿಟೈರಾದ ಮೇಲೆ ಆ ಕಣ್ಣಿಗೆ ಬೇರೆ ಕೆಲಸ ಸಿಕ್ಕಿತು. ನಮ್ಮ ಸೆರ್ಕ್ನಿತ್ಸ ಕೆರೆ ಬೇಸಿಗೆಯಲ್ಲಿ ನೆಲದ ಬಿಲಗಳಿಗೆ ಇಳಿದು ಮಾಯವಾಗಿ, ಚಳಿಗಾಲಕ್ಕೆ ಮತ್ತೆ ತುಂಬುತ್ತದೆ. ಆಗ ದಂಡೆಯ ಬೋಳು ಪಾಪ್ಲರ್ ಮರಗಳು ನೀರೊಳಗೆ ತಲೆಕೆಳಗಾಗಿ ನಿಲ್ಲುವುದನ್ನು ಅವನು ಫೋಟೋ ತೆಗೆಯುತ್ತಿದ್ದ. ಮೇಲಿನ ಮರವೂ ಕೆಳಗಿನ ಮರವೂ ಒಂದೇ ಗೆರೆಯಲ್ಲಿ ಬರಬೇಕು, ಇಲ್ಲದಿದ್ದರೆ ಬಟನ್ ಒತ್ತುತ್ತಿರಲಿಲ್ಲ. ಹುಚ್ಚು ಎಂದು ನಾನು ಬೈದದ್ದುಂಟು. ಆದರೆ ಊರಿನ ಕ್ಯಾಲೆಂಡರಿನ ಜನವರಿ ಪುಟ ಪ್ರತಿವರ್ಷ ಅವನದೇ, ಅದನ್ನು ಅಡುಗೆಮನೆಯಲ್ಲಿ ಎಲ್ಲರಿಗೂ ಕಾಣುವಂತೆ ನೇತುಹಾಕುತ್ತಿದ್ದವಳೂ ನಾನೇ.

ಈ ಚಳಿಗಾಲ ಅವನು ದಿನವೂ ಬೆಳಗ್ಗೆ ಹೋಗಿ ಒಂದೂ ಫೋಟೋ ಇಲ್ಲದೆ ಬರತೊಡಗಿದ. ಕೇಳಿದರೆ ಗಾಳಿಯ ಮೇಲೆ ಗೂಬೆ ಕೂರಿಸುತ್ತಿದ್ದ. ಗಾಳಿ ನೀರನ್ನು ಕಲಕುತ್ತಿದೆಯಂತೆ, ಮರಗಳು ಹಾವಿನಂತೆ ಬಳುಕುತ್ತಿವೆಯಂತೆ. ನಮ್ಮ ಚಿಮಣಿಯ ಹೊಗೆ ನೋಡಿದರೆ ನೆಟ್ಟಗೆ ಮೇಲೇರುತ್ತಿತ್ತು.

ಅದಕ್ಕೂ ಮೊದಲು ಒಂದು ಜಗಳವಾಗಿತ್ತು. ಬಡಗಿ ಸ್ರೆಚ್ಕೊ ಕೂರಿಸಿದ ಹೊಸ ಬಾಗಿಲ ಚೌಕಟ್ಟು ವಾರೆಯಾಗಿದೆ ಎಂದು ಇವನು ಹಟ ಹಿಡಿದ.

"ಸೊಟ್ಟ ಇರೋದು ಬಾಗ್ಲಲ್ಲ ಅಣ್ಣ, ನಿನ್ ಕಣ್ಣು," ಎಂದು ಸ್ರೆಚ್ಕೊ ನಕ್ಕು ಹೋದ.

ನಾನು ನಗಲಿಲ್ಲ. ಕದ್ದು ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದೆ. ಚೌಕಟ್ಟು ಸರಿಯಾಗಿಯೇ ಇತ್ತು. ಅತ್ತೆಗೂ ಹೀಗೇ ಶುರುವಾಗಿತ್ತು. ಮೊದಲು ಗೆರೆಗಳು ಬಳುಕಿದವು, ಆಮೇಲೆ ಯಾರನ್ನು ನೋಡಿದರೂ ಮುಖದ ಜಾಗದಲ್ಲಿ ಕಪ್ಪು ಕೂತಿತು. ಬೇಗ ಬಂದಿದ್ದರೆ ಒಂದಿಷ್ಟು ದೃಷ್ಟಿ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಮಗನಾಗಿ ಅವನೇ ಕೇಳಿಸಿಕೊಂಡಿದ್ದ. ಆದರೂ ರಾಜಧಾನಿ ಲುಬ್ಲಿಯಾನಾದ ಕಣ್ಣಾಸ್ಪತ್ರೆಯ ಮಾತೆತ್ತಿದರೆ ಸಾಕು, ಸಾರಿನ ಬಟ್ಟಲು ಬಿಟ್ಟು ಎದ್ದು ಹೋಗುತ್ತಿದ್ದ. ಒಂದೊಂದು ದಿನ ಕಳೆದಾಗಲೂ ಅವನ ಕಣ್ಣಿನಿಂದ ಒಂದಿಷ್ಟು ಕಳೆಯಿತು ಎಂದೇ ಲೆಕ್ಕ.

ಮೊನ್ನೆ ಬೆಳಗ್ಗೆ ಅವನು ಬೇಡವೆಂದರೂ ಕೇಳದೆ ಜೊತೆಗೇ ಹೋದೆ. ಕೊರೆಯುವ ಚಳಿ. ಅವನು ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾಕ್ಕೆ ಕಣ್ಣಿಟ್ಟ. ಮರಗಳು ಮೇಲೂ ಕೆಳಗೂ ನೂಲು ಹಿಡಿದಂತೆ ನೇರವಾಗಿದ್ದವು.

"ತಡಿ, ನೀರಿನ್ನೂ ಅಲ್ಲಾಡ್ತಿದೆ," ಎಂದ.

ನಾನು ಕೆರೆಯ ಕಡೆ ನೋಡಿದೆ. ರಾತ್ರಿಯೇ ಅದು ಹೆಪ್ಪುಗಟ್ಟಿತ್ತು, ಈ ದಂಡೆಯಿಂದ ಆ ದಂಡೆಯವರೆಗೆ ಕನ್ನಡಿಯಂಥ ಹೊಸ ಮಂಜುಗಡ್ಡೆ. ಒಂದು ಕಲ್ಲೆತ್ತಿ ಎಸೆದೆ. ಅದು ಮುಳುಗಲಿಲ್ಲ. ಹಕ್ಕಿ ಚಿಂವ್‌ಗುಟ್ಟಿದಂತೆ ಸದ್ದು ಮಾಡುತ್ತಾ ದೂರಕ್ಕೆ ಜಾರಿಕೊಂಡು ಹೋಯಿತು.

ಆ ಸದ್ದು ನಿಲ್ಲುವವರೆಗೂ ಅವನು ಕ್ಯಾಮೆರಾದಿಂದ ಮುಖ ಎತ್ತಲಿಲ್ಲ.

"ನಿಂಗೆ ಗೊತ್ತಿತ್ತೇನೇ, ಪೊಲೊನ್ಸಾ?"

"ಗೊತ್ತಿತ್ತು."

"ನಂಗೂ," ಎಂದ. ಸ್ಟ್ಯಾಂಡ್ ಮಡಚುತ್ತಾ, "ಲುಬ್ಲಿಯಾನಾ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದ.