ವಸಂತಾಮಣಿಯ ಐವತ್ತು ರಾತ್ರಿ

ಡಿಸೆಂಬರ್ ಮೂವತ್ತರ ಮಧ್ಯಾಹ್ನ ಮೂರೂವರೆಗೆ ವಸಂತಾಮಣಿ ಊಟಿಯ ದೊಡ್ಡ ಹೋಟೆಲೊಂದರ ನಾಲ್ಕನೇ ಮಹಡಿಯಲ್ಲಿ, ತನ್ನ ಮನೆಗಿಂತ ಅಗಲವಾದ ಕೋಣೆಯೊಳಗೆ, ಹೋಟೆಲಿನವರು ಕೊಟ್ಟ ಬಿಳಿ ಚಪ್ಪಲಿ ಹಾಕಿಕೊಂಡು ಕೂತಿದ್ದಳು. ಅವಳ ಮನೆ ಇರುವುದು ನಂಜನಾಡಿನ ಪಕ್ಕದ ಹಟ್ಟಿಯಲ್ಲಿ, ಅಲ್ಲಿಂದ ಬರೀ ಹತ್ತು ಕಿಲೋಮೀಟರ್. ಮಂಚದ ಪಕ್ಕದ ಫೋನು ಬಡಿದುಕೊಂಡಿತು.

"ಮೇಡಂ, ನಿಮ್ಮನ್ನ ನೋಡಕ್ಕೆ ಐದು ಜನ ಬಂದವ್ರೆ. ಎಲ್ಲಾ ವಯಸ್ಸಾದೋರು. ಕೂತ್ಕಳಿ ಅಂದ್ರೂ ಕೂರ್ತಿಲ್ಲ" ಎಂದಳು ಕೆಳಗಿನ ಕೌಂಟರಿನ ರೂಪಶ್ರೀ. ಗುಂಡ್ಲುಪೇಟೆ ಕಡೆಯ ಹುಡುಗಿ.

ವಸಂತಾಮಣಿ ತಟ್ಟನೆ ಎದ್ದು ನಿಂತಳು. ಅವಳ ಹಟ್ಟಿಯಲ್ಲಿ ಐದು ಜನ ಹಿರಿಯರು ಒಟ್ಟಿಗೆ ಹೊರಡುವುದು ಎರಡೇ ಕಾರಣಕ್ಕೆ. ಒಂದು ಸಾವು, ಇನ್ನೊಂದು ಮುರಿದ ಸಂಸಾರ. ಸಾವಾಗಿದ್ದರೆ ಫೋನೇ ಬರುತ್ತಿತ್ತು.

ಇದೆಲ್ಲ ಶುರುವಾದದ್ದು ಕ್ಯಾರೆಟ್‌ನಿಂದ. ವಸಂತಾಮಣಿಗೆ ಈಗ ನಲವತ್ತೊಂಬತ್ತು. ಕ್ಯಾರೆಟ್ ಬೆಳೆಯುವುದರಲ್ಲಿ ಪಳಗಿದ ಕೈ. ಬೀಜದ ಕಂಪನಿಯೊಂದು ಅವಳ ಹೊಲ ನೋಡಿ ಬೆರಗಾಗಿ, ಬೇರೆ ಊರಿನ ರೈತರಿಗೂ ಹೇಳಿಕೊಡು ಎಂದು ಕೆಲಸ ಕೊಟ್ಟಿತು. ಹಾಸನ, ಕೋಲಾರ, ಕೊಯಮತ್ತೂರು, ಕೊಡೈಕೆನಾಲ್ ಎಂದು ಅವಳ ತಿರುಗಾಟ ಶುರುವಾಯಿತು. ಕಂಪನಿಗೂ ಒಂದು ಹೋಟೆಲಿಗೂ ಒಪ್ಪಂದ. ಆ ಹೋಟೆಲಿನ ಶಾಖೆ ಎಲ್ಲಿದೆಯೋ ಅಲ್ಲೆಲ್ಲ ಅವಳಿಗೆ ಅಲ್ಲೇ ಕೋಣೆ.

ಮೊದಲ ಸಲ ಕೊಯಮತ್ತೂರಿನಲ್ಲಿ, ಮಣ್ಣು ಮೆತ್ತಿದ ಚಪ್ಪಲಿಯಲ್ಲಿ ಒಳಗೆ ಕಾಲಿಟ್ಟಾಗ ಕೌಂಟರಿನವನು ಎದ್ದು ನಿಂತು, "ಬನ್ನಿ ವಸಂತಾಮಣಿ ಮೇಡಂ, ಪ್ರಯಾಣ ಆಯಾಸ ಆಯ್ತಾ?" ಎಂದು ಕೇಳಿದ. ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ವಸಂತಾಮಣಿ ಇದ್ದಾಳೇನೋ ಎಂದು. ಮದುವೆಯಾಗಿ ಇಪ್ಪತ್ತೇಳು ವರ್ಷ. ಹೊರಗಿಂದ ಮನೆಗೆ ಬಂದಾಗ ಅವಳ ಗಂಡ ಭೀಮ ಕೇಳುತ್ತಿದ್ದದ್ದು ಒಂದೇ ಮಾತು: "ಬಂದ್ಯಾ? ಹಸು ಹಾಲು ಕೊಡ್ತಿಲ್ಲ, ನೋಡು."

ಅವತ್ತೇ ಅವಳು ಸಿಕ್ಕಿಬಿದ್ದಳು ಎನ್ನಬೇಕು. ಆ ಹೋಟೆಲಿನಲ್ಲಿ ಹೆಚ್ಚು ರಾತ್ರಿ ಉಳಿದಷ್ಟೂ ದೊಡ್ಡ ಕಾರ್ಡು: ಹತ್ತು ರಾತ್ರಿಗೆ ಸಿಲ್ವರ್, ಇಪ್ಪತ್ತೈದಕ್ಕೆ ಗೋಲ್ಡ್, ವರ್ಷಕ್ಕೆ ಐವತ್ತು ರಾತ್ರಿಯಾದರೆ ಡೈಮಂಡ್. ಗೋಲ್ಡ್ ಆದ ಮೇಲೆ ಬೆಳಗಿನ ತಿಂಡಿ ಪುಕ್ಕಟೆ, ಕೋಣೆ ಬಿಡಲು ಸಂಜೆ ನಾಲ್ಕರವರೆಗೆ ಬಿಡುವು, ಮೇಜಿನ ಮೇಲೆ ಹಣ್ಣಿನ ತಟ್ಟೆ, ಅದರ ಜೊತೆ ಅವಳ ಹೆಸರು ಬರೆದ ಚೀಟಿ. ಆ ಚೀಟಿಗಳನ್ನೆಲ್ಲ ಅವಳು ಬೀಜದ ಡಬ್ಬಿಯಲ್ಲಿ ಕೂಡಿಟ್ಟಿದ್ದಳು.

ತೊಡಕೂ ಇತ್ತು, ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮೊದಲೆಲ್ಲ ಕೋಲಾರದ ರೈತರ ಮನೆಯಲ್ಲೇ ಉಳಿದು, ಮುದ್ದೆ ಉಣ್ಣುತ್ತ ಬೆಳೆಯ ನಿಜವಾದ ಕಷ್ಟ ಕೇಳಿಸಿಕೊಳ್ಳುತ್ತಿದ್ದಳು. ಈಗ ಸಂಜೆಯಾದರೆ ಹೋಟೆಲಿಗೆ ಓಟ. ಕೊಯಮತ್ತೂರಿನಿಂದ ಊಟಿಗೆ ಬಸ್ಸಿದ್ದರೂ ಒಂದು ರಾತ್ರಿ ಜಾಸ್ತಿ ಉಳಿಯುತ್ತಿದ್ದಳು, ಎಣಿಕೆಗೆ ಸೇರಲಿ ಎಂದು. ಅಷ್ಟಗಲದ ಹಾಸಿಗೆಯಲ್ಲಿ ಆರು ದಿಂಬಿನ ನಡುವೆ ನಿದ್ದೆ ಬಾರದೆ ಅಂಚಿಗೆ ಸರಿದು ಮಲಗುತ್ತಿದ್ದಳು. ಆದರೂ ತೂಗಿ ನೋಡಿದರೆ, ಬಾಗಿಲಲ್ಲಿ ತನ್ನ ಹೆಸರು ಹಿಡಿದು ಕರೆಯುವವರೊಬ್ಬರು ಇದ್ದಾರಲ್ಲ, ತಕ್ಕಡಿಯ ಆ ತಟ್ಟೆಯೇ ಕೆಳಗಿಳಿಯುತ್ತಿತ್ತು.

ಡಿಸೆಂಬರ್ ಕೊನೆಗೆ ನಲವತ್ತೆಂಟು ರಾತ್ರಿಯಾಗಿತ್ತು. ಮೂವತ್ತೊಂದು ದಾಟಿದರೆ ಎಣಿಕೆ ಮತ್ತೆ ಸೊನ್ನೆ. ಕಂಪನಿಯ ಕೆಲಸವೂ ಇರಲಿಲ್ಲ, ಹೊಲದಲ್ಲಿ ಕ್ಯಾರೆಟ್ ಕೀಳುವುದಿತ್ತು, ದೂರ ಹೋಗುವಂತಿಲ್ಲ. ಹಾಗಾಗಿ ಊಟಿಯ ಶಾಖೆಯಲ್ಲೇ ತನ್ನ ಕೈಯಿಂದ ಎರಡು ರಾತ್ರಿಗೆ ಕಟ್ಟಿದಳು. ಹಗಲು ಹೊಲ, ರಾತ್ರಿ ಹೋಟೆಲು. ಭೀಮನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವನು "ಸರಿ" ಎಂದ.

ಅವಳು ಮಾಡಿದ ತಪ್ಪು ಒಂದೇ. ಬ್ಯಾಗು ಎಳೆದುಕೊಂಡು ಒಳಗೆ ಹೋಗುವಾಗ ಟ್ಯಾಕ್ಸಿ ಓಡಿಸುವ ಸರವಣನ್ ನೋಡಿದ್ದನ್ನು ಅವಳು ನೋಡಲಿಲ್ಲ. ಸರವಣನ್ ಅದನ್ನು ಕ್ಯಾರೆಟ್ ತೊಳೆಯುವ ಷೆಡ್ಡಿನಲ್ಲಿ ಹೇಳಿದ. ಹತ್ತೇ ಕಿಲೋಮೀಟರ್ ದೂರದಲ್ಲಿ ಮನೆಯಿಟ್ಟುಕೊಂಡು ಹೆಂಗಸು ಗಂಟು ಹಿಡಿದು ಬೇರೆ ಕಡೆ ಮಲಗಲು ಹೋದಳೆಂದರೆ ಆ ಹಟ್ಟಿಯಲ್ಲಿ ಅದಕ್ಕಿರುವುದು ಒಂದೇ ಅರ್ಥ. ದೀಪ ಹಚ್ಚುವ ಮೊದಲು ಹಿರಿಯರು ಹೋಗಿ ಕರೆತರಬೇಕು.

ಲಿಫ್ಟು ಕೆಳಗಿಳಿದು ಬಾಗಿಲು ತೆರೆದಾಗ ಬಿಳಿ ರುಮಾಲು ಸುತ್ತಿದ ಹಟ್ಟಿಯ ಮುಖ್ಯಸ್ಥ ಬೋಜ ಮಾಮ ಎದುರಿಗೇ ನಿಂತಿದ್ದ. ಪಕ್ಕದಲ್ಲಿ ಗಂಡನ ಸೋದರತ್ತೆ ನಂಜಿ ಮಾಮಿ, ಹಿಂದೆ ಮೂವರು ಮುದುಕರು. ವಸಂತಾಮಣಿ ದಂಗಾಗಿದ್ದರೂ ರೂಢಿ ಬಿಡದೆ ತಲೆ ಬಾಗಿಸಿದಳು. ಬೋಜ ಮಾಮ ಅವಳ ತಲೆಯ ಮೇಲೆ ಕೈಯಿಟ್ಟು, ಆ ಅಮೃತಶಿಲೆಯ ನೆಲದ ನಡುವೆಯೇ, "ಒಂದು ಸಾವಿರ ಆಗಲಿ" ಎಂದು ಹಟ್ಟಿಯ ವಾಡಿಕೆಯ ಮಾತಿನಲ್ಲಿ ಹರಸಿದ. ಸೂಟ್‌ಕೇಸ್ ಹಿಡಿದ ಪ್ರವಾಸಿಗರು ಕಣ್ಣು ಬಾಯಿ ಬಿಟ್ಟು ನಿಂತರು.

"ಈಗ ಹೇಳು. ಭೀಮ ಎಂತ ಮಾಡಿದ?"

"ಏನೂ ಮಾಡಿಲ್ಲ ಮಾಮ. ಕಾರ್ಡಿಗೋಸ್ಕರ ಬಂದೆ. ಅವರಿಗೂ ಹೇಳೇ ಬಂದದ್ದು."

"ಅವನೂ ಅದನ್ನೇ ಹೇಳ್ತಾನೆ, ಕಾರ್ಡು ಕಾರ್ಡು ಅಂತ" ಎಂದಳು ನಂಜಿ ಮಾಮಿ. "ಎನಗೂ ಕಾರ್ಡಿದೆ, ರೇಷನ್ ಕಾರ್ಡು. ಅದಕ್ಕೇಂತ ನಾನೇನು ರೇಷನ್ ಅಂಗಡೀಲಿ ಮಲಗ್ತೀನಾ?"

"ಹೊಡೆದನಾ? ಎನಗೆ ನಿಜ ಹೇಳು" ಎಂದ ಬೋಜ ಮಾಮ.

"ಇಲ್ಲ ಮಾಮ."

"ಮತ್ತೆ ಅವನು ಜೀಪಿನಿಂದ ಇಳೀತಿಲ್ಲ ಯಾಕೆ?"

ವಸಂತಾಮಣಿ ಗಾಜಿನಾಚೆ ನೋಡಿದಳು. ಭೀಮ ಜೀಪಿನ ಹಿಂದಿನ ಸೀಟಿನಲ್ಲಿ, ಮೊಣಕಾಲಿನ ತನಕ ಕ್ಯಾರೆಟ್ ಹೊಲದ ಮಣ್ಣಿನಲ್ಲಿ, ತಪ್ಪಿತಸ್ಥನ ಹಾಗೆ ಕೂತಿದ್ದ.

ಮೊದಲು ಬಂದವರಿಗೆ ಟೀ ಕೊಡಬೇಕಲ್ಲ. ಗೋಲ್ಡ್‌ನವರಿಗೆಂದೇ ಮೇಲೊಂದು ಕೊಠಡಿಯಿತ್ತು, ಟೀ, ಬಿಸ್ಕತ್ತು ಎಲ್ಲ ಅಲ್ಲೇ. ಐವರನ್ನೂ ಕರೆದುಕೊಂಡು ಹೊರಟಳು. ರೂಪಶ್ರೀ ಓಡಿಬಂದಳು.

"ಮೇಡಂ, ಗೋಲ್ಡ್‌ಗೆ ಜೊತೇಲಿ ಒಬ್ಬರು ಮಾತ್ರ."

"ಮಿಕ್ಕವರು?"

"ಇಲ್ಲೇ ಕೂತಿರ್ಬೌದು."

"ಡೈಮಂಡ್ ಆದ್ರೆ?"

"ಇಬ್ಬರು."

ನಾಲ್ವರನ್ನು ಬಾಗಿಲಲ್ಲಿ ನಿಲ್ಲಿಸಿ ಒಬ್ಬರಿಗೆ ಟೀ ಕೊಡುವುದೇ? ವರ್ಷವೆಲ್ಲ ಅಂಥ ಕೊಠಡಿಗಳಲ್ಲಿ ಒಬ್ಬಳೇ ಕೂತು ಕುಡಿದಿದ್ದಳು, ಈ ನಿಯಮ ಅವಳಿಗೆ ತಗಲಿರಲೇ ಇಲ್ಲ. ಅವಳು ಕೌಂಟರಿಗೆ ಒರಗಿಕೊಂಡಳು. ಹೋದರೆ ಎರಡು ರಾತ್ರಿ ಕೈತಪ್ಪುತ್ತದೆ, ನಲವತ್ತೆಂಟೂ ನೀರಲ್ಲಿ ಹೋಮ. ಉಳಿದರೆ ಜೀಪಿನಲ್ಲಿ ಕೂತ ಗಂಡನ ಮಾನ ಹೋಗುತ್ತದೆ.

"ನಾನು ಹೊರಡ್ತೀನಮ್ಮ" ಎಂದಳು ಕೊನೆಗೆ. "ಆ ಡೈಮಂಡು ನನಗಿಲ್ಲ ಅಂತ ಕಾಣುತ್ತೆ."

ರೂಪಶ್ರೀ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮೇಡಂ, ಮನೆಗೋಗಿ ಮಲಗಿ. ರಾತ್ರಿ ಲೆಕ್ಕಕ್ಕೆ ಬತ್ತದೆ. ದುಡ್ಡು ಕಟ್ಟಿ ಒಳಗೆ ಬಂದಿದೀರಲ್ಲ, ಅಷ್ಟು ಸಾಕು. ನೀವು ಮಂಚದ ಮೇಲೆ ಇದೀರೋ ಇಲ್ವೋ ಅಂತ ಯಾರೂ ನೋಡಲ್ಲ."

"ಯಾರೂ ನೋಡಲ್ವಾ?"

"ಕಂಪ್ಯೂಟರು ಮೇಡಂ. ನಿಮ್ಮ ಹೆಸರೂ ಅದೇ ಹೇಳದು. ನೀವು ಬರ್ತಿದ್ದ ಹಾಗೆ ಸ್ಕ್ರೀನ್ ಮೇಲೆ ಬತ್ತದೆ, ನಾವು ಓದ್ತೀವಿ. ಆಯಾಸ ಆಯ್ತಾ ಅಂತ ಕೇಳದೂ ಅದರಲ್ಲೇ ಬರೆದಿರ್ತದೆ."

ಸಿಡಿಲು ಬಡಿದವಳಂತೆ ನಿಂತುಬಿಟ್ಟಳು ವಸಂತಾಮಣಿ. ಕೊಯಮತ್ತೂರಿನವನು ಎದ್ದು ನಿಂತದ್ದು, ಹಣ್ಣಿನ ತಟ್ಟೆ, ಬೀಜದ ಡಬ್ಬಿಯ ಚೀಟಿಗಳು ಎಲ್ಲ ಕಣ್ಣ ಮುಂದೆ ಬಂದವು. ಖಾಲಿ ಮಂಚಕ್ಕೂ ಅವರು ಅಷ್ಟೇ ಆದರದಿಂದ ರಾತ್ರಿ ಎಣಿಸುತ್ತಿದ್ದರು. ಇತ್ತ ಹಟ್ಟಿಯಲ್ಲಿ ಈ ಸಲ ಅವಳು ಇನ್ನೂ ಒಂದು ರಾತ್ರಿಯೂ ತಪ್ಪಿಸಿಕೊಂಡಿರಲಿಲ್ಲ, ಐದು ಜನ ಹುಡುಕಿಕೊಂಡು ಬಂದಿದ್ದರು, ಮಂಡಿನೋವಿನ ಬೋಜ ಮಾಮನೂ ಸೇರಿ.

"ರೂಮಿಗೆ ಕಟ್ಟಿ ಆಗಿದೆಯಾ?" ಎಂದು ಕೇಳಿದ ಬೋಜ ಮಾಮ.

"ಆಗಿದೆ ಮಾಮ."

"ಬಿಸಿನೀರು ಬರುತ್ತಾ?"

ಬರುತ್ತಿತ್ತು. ಮಾಮ ನಲವತ್ತು ನಿಮಿಷ ತೊಟ್ಟಿಯಲ್ಲಿ ಮಂಡಿ ಕಾಯಿಸಿಕೊಂಡು, ಹಣ್ಣಿನ ತಟ್ಟೆಯನ್ನು ಎಲ್ಲರಿಗೂ ಹಂಚಿ, ಆಮೇಲೆ ಜೀಪು ಹತ್ತಿದ. ಭೀಮ ಸರಿದು ಹೆಂಡತಿಗೆ ಜಾಗ ಮಾಡಿದ.

ಹೊಸ ವರ್ಷದ ಬೆಳಿಗ್ಗೆ ಹೊಲದಲ್ಲಿದ್ದಾಗ ಅವಳ ಫೋನಿಗೆ ಸಂದೇಶ ಬಂತು.

"ಏನಂತೆ?" ಎಂದ ಭೀಮ, ಕ್ಯಾರೆಟ್ ಕೀಳುತ್ತಲೇ.

"ಡೈಮಂಡ್ ಆಯ್ತಂತೆ. ಐವತ್ತು ರಾತ್ರಿ ಮನೆ ಬಿಟ್ಟು ಅವರ ಹತ್ರ ಇದ್ದೆನಂತೆ."

"ಐವತ್ತಲ್ಲ. ಅರವತ್ತೊಂದು."

ಅವಳು ತಲೆಯೆತ್ತಿದಳು. ಕೊಡೈಕೆನಾಲಿನಲ್ಲಿ ಆ ಹೋಟೆಲಿಲ್ಲ, ಲಾಡ್ಜು. ಕೋಲಾರದಲ್ಲಿ ಮೊದಮೊದಲು ರೈತರ ಮನೆ. ಮನಸ್ಸಿನಲ್ಲೇ ಕೂಡಿಸಿದಳು. ಹದಿಮೂರು ರಾತ್ರಿ. ನಲವತ್ತೆಂಟಕ್ಕೆ ಹದಿಮೂರು ಸೇರಿಸಿದರೆ ಸರಿಯಾಗಿ ಅರವತ್ತೊಂದು.

"ನಿಮಗೆ ಹೇಗೆ ಗೊತ್ತು?"

"ನೀನಿಲ್ಲದ ದಿನ ಬಾಗಿಲ ಚಿಲಕ ಹಾಕೋನು ನಾನಲ್ವಾ?" ಎಂದ ಭೀಮ, ಗಿಡದ ಬೇರಿನ ಮಣ್ಣು ಕೊಡವುತ್ತ. "ಬಿಗಿಯಾಗಿದೆ ಅದು. ಎಣ್ಣೆ ಹಾಕಬೇಕು."