ವಿಮಾನಕ್ಕೆ ಮುಂಚೆ ಒಂದು ತೂಕ

ನಿಜಾಮರ ಕೊನೆಯ ದಿನಗಳಲ್ಲಿ ನಾನು ತಾಂಡೂರಿನ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸರ್ಕಾರದ ನಿಯೋಗವೊಂದು ವಿಮಾನದಲ್ಲಿ ವಿಲಾಯತಿಗೆ ಹೊರಟಿತ್ತು. ಅದರಲ್ಲಿ ನಮ್ಮೂರಿನ ವಕೀಲರೂ ಒಬ್ಬರು. ಪೆಟ್ಟಿಗೆಗಳ ಜೊತೆ ಅವರ ಮೈತೂಕವನ್ನೂ ತಂತಿಯಲ್ಲಿ ತಿಳಿಸಬೇಕೆಂದು ನನಗೆ ಹುಕುಂ ಬಂತು. ವಿಮಾನಕ್ಕೆ ಹೇರುವ ಭಾರದ ಲೆಕ್ಕಕ್ಕಂತೆ. ಮನುಷ್ಯ ಕೂರುವಂಥ ತಕ್ಕಡಿ ಇದ್ದದ್ದು ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ. ತೂಕದ ಕಲ್ಲುಗಳೆಲ್ಲ ರೈತರಿಂದ ಸರ್ಕಾರಕ್ಕೆ ಕಾಳು ಅಳೆದುಕೊಳ್ಳುವ ಲೆವಿ ವಸೂಲಿಗೆ ಹೋಗಿದ್ದರಿಂದ, ಮೊದಲೇ ತೂಗಿಟ್ಟ ಜೋಳದ ಚೀಲಗಳನ್ನೇ ಎದುರು ತಟ್ಟೆಗೆ ಹೇರಿದೆವು.

ತೂಗಿದ ಮೇಲೆ ಹಮಾಲರು ಚೀಲ ಒಳಗೊಯ್ಯಲು ಹೋದಾಗ ಮಗನ ಜೊತೆ ಬಂದಿದ್ದ ವಕೀಲರ ತಾಯಿ ಅಡ್ಡ ನಿಂತರು.

"ಮನಷ್ಯಾನ ಸಮಾ ತೂಗಿದ ಜ್ವಾಳ ತಿರುಗಿ ಅಂಗಡಿಗಿ ಹೋಗಬಾರದ್ರಿ. ದಾನಾ ಮಾಡ್ರಿ."

ನಮ್ಮ ಕಡೆ ಅದೇ ರೂಢಿ. ಲೆವಿಗೆ ಕಾಳು ಕೊಟ್ಟು ಬರಿಗೈಯಾಗಿದ್ದ ಹೆಂಗಸರು ಸೆರಗೊಡ್ಡಿ ಒಯ್ದರು. ನಾನು ತಂತಿ ಕಳಿಸಿ ಮನೆಗೆ ಹೋದೆ. ಏನೂ ಅನ್ನಿಸಲಿಲ್ಲ.

ವಕೀಲರು ಮರಳುವ ಹೊತ್ತಿಗೆ ಅವರನ್ನು ಕಳಿಸಿದ ಸರ್ಕಾರವೇ ಇರಲಿಲ್ಲ. ಸ್ಟೇಷನ್ನಿಗೆ ನಾನೊಬ್ಬನೇ ಹೋಗಿದ್ದೆ. ಇಬ್ಬರೂ ನಡೆದು ಬಂದೆವು. ಅಡತಿ ಅಂಗಡಿಯ ಮುಂದೆ ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಅವರನ್ನು ಕಂಡು ಪೊರಕೆ ನಿಲ್ಲಿಸಿದಳು.

"ಸಾಹೇಬ್ರ, ಮತ್ತ ಯಾವಾಗ ತೂಗಿಸ್ಕೋತೀರ್ರಿ?"