ಅತ್ತೆಯ ನಾರು, ಅಪ್ಪನ ಅಂಬಾಸಿಡರ್

ಮೊದಲ ಸಲ ಕೀ ತಿರುಗಿಸಿದಾಗ ಕೆಮ್ಮಿತು. ಎರಡನೇ ಸಲಕ್ಕೆ ಇಂಜಿನ್ ಹಿಡಿದುಕೊಂಡಿತು. ಮೇಲೆ ಅಟ್ಟದಲ್ಲಿದ್ದ ಧೂಳೆಲ್ಲ ಉದುರಿ ನನ್ನ ತಲೆ ಮೇಲೆ ಬಿತ್ತು.

ಖುಷಿ ಪಟ್ಟಿದ್ದು ಒಂದೇ ನಿಮಿಷ. ಇಂಜಿನ್ ಮೇಲ್ಭಾಗದಿಂದ ಟಕಟಕ ಅಂತ ಸದ್ದು ಶುರುವಾಯಿತು. ತಕ್ಷಣ ಆಫ್ ಮಾಡಿದೆ.

ಇದು ನಮ್ಮಪ್ಪನ ಅಂಬಾಸಿಡರ್. ತುರುವೇಕೆರೆಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದರು. ನಾನು ಸ್ಪ್ಯಾನರ್ ಹಿಡಿಯೋದು ಕಲಿತಿದ್ದೇ ಇದರ ಅಡಿಯಲ್ಲಿ ಮಲಗಿ.

ಕಣ್ಣು ಮಂಜಾದ ಮೇಲೆ ಅಪ್ಪ ಗುಜರಿಗೆ ಹಾಕ್ತೀನಿ ಅಂದರು. ನಾನು ಬಿಡಲಿಲ್ಲ. ಇಂಜಿನ್ ಹೊಸದು ಮಾಡಿ ಮೊದಲ ರೌಂಡ್ ನಿಮ್ಮನ್ನೇ ಕೂರಿಸ್ತೀನಿ ಅಂತ ಮಾತು ಕೊಟ್ಟು, ಟ್ರ್ಯಾಕ್ಟರಿಗೆ ಕಟ್ಟಿ ಬಿಳಿಗೆರೆಯ ಗಂಡನ ಮನೆಗೆ ಎಳೆಸಿಕೊಂಡು ಬಂದೆ.

ನಿಲ್ಲಿಸೋಕೆ ಇದ್ದ ಜಾಗ ಕೊಬ್ಬರಿ ಅಟ್ಟದ ಕೆಳಗೆ ಮಾತ್ರ. ಅಲ್ಲಿಗೆ ಅತ್ತೆಗೂ ನನಗೂ ಶುರುವಾಯಿತು.

ಈ ಕಡೆಯವರಲ್ಲದವರಿಗೆ ಹೇಳಿಬಿಡುತ್ತೇನೆ. ನಾವು ತೆಂಗಿನ ಕಾಯಿಯನ್ನು ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತೇವೆ. ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಇಳಿಸಿ, ಅಟ್ಟದ ಕೆಳಗೇ ಕೂತು ಸುಲಿಸೋದು.

ಕಾಯಿ ಆಗಿದೆಯೋ ಇಲ್ಲವೋ ಅಂತ ಹೇಳೋದರಲ್ಲಿ ನಮ್ಮತ್ತೆಯ ಕಿವಿಯದೇ ಕೊನೆ ಮಾತು. ಬೀದಿಯವರೆಲ್ಲ ತಮ್ಮ ಕಾಯಿ ತಂದು ಅವರ ಕೈಗೆ ಕೊಟ್ಟು ಕಾಯುತ್ತಾ ನಿಲ್ಲುತ್ತಾರೆ. ಆ ಒಂದು ವಿಷಯದಲ್ಲಿ ಅವರಿಗೆ ಜಂಬ ಉಂಟು. ಇರಲಿ, ಇರಬೇಕಾದ್ದೇ.

"ಕಾಯಿ ಸುಲಿಯೋರು ಬರೋ ಹೊತ್ಗೆ ಈ ಗಾಡಿ ತಾನಾಗೇ ಎದ್ದೋಗ್ಬೇಕು ಕಣೇ. ಇಲ್ಲಾಂದ್ರೆ ಗುಜರಿಯವನ್ನ ನಾನೇ ಕರೀತೀನಿ," ಅಂದರು. ಆಗಲಿ ಅಂದೆ. ಹಠದಲ್ಲಿ ನಾನೇನು ಕಮ್ಮಿಯಿಲ್ಲ.

ಅಟ್ಟದ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಇಂಜಿನ್ ಮೇಲೆತ್ತಿದೆವು. ನಮ್ಮೆಜಮಾನ್ರು ಅಮ್ಮನ ಕಡೆಯೂ ಅಲ್ಲದೆ ಹೆಂಡತಿ ಕಡೆಯೂ ಅಲ್ಲದೆ ಚೈನ್ ಕಡೆ ನಿಂತರು.

ತಿಪಟೂರಿನ ಲೇತ್‌ನಲ್ಲಿ ಬೋರ್ ಮಾಡಿಸಿದೆ. ಓವರ್‌ಸೈಜ್ ಪಿಸ್ಟನ್ ತಂದೆ. ಹಳೇ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದೆ, ಪಾಯಿಂಟ್ಸ್ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್.

ಈ ಮಧ್ಯೆ ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ನೋಡುತ್ತೇನೆ... ಅತ್ತೆ ಇಂಜಿನ್ ಬ್ಲಾಕನ್ನೂ ಅದರ ಮೇಲೆ ಕೂರುವ ಹೆಡ್ಡನ್ನೂ ಮುಂದಿಟ್ಟುಕೊಂಡು ಕೂತಿದ್ದಾರೆ! ಕೈಯಲ್ಲಿ ತೆಂಗಿನ ನಾರು, ಪಕ್ಕದಲ್ಲಿ ಸೋಪಿನ ಪುಡಿ.

"ಇಷ್ಟ್ ಕೊಳಕ್ ಇಟ್ಕೊಂಡು ಗಾಡಿ ಓಡ್ಸ್ತಾರೇನೇ?" ಅಂದರು. ಹಬ್ಬದ ಪಾತ್ರೆ ಬೆಳಗಿದ ಹಾಗೆ ಬೆಳಗಿದ್ದರು.

ಅಷ್ಟು ದಿನ ಕಾರಿನ ಕಡೆ ಮುಖ ತಿರುಗಿಸದೆ ಓಡಾಡಿದವರು. ಬೈಯಲು ಮನಸ್ಸು ಬರಲಿಲ್ಲ. ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿದೆ, ಸೈಕಲ್ ಪಂಪಿನಲ್ಲಿ ತೂತುಗಳಿಗೆ ಗಾಳಿ ಹೊಡೆದೆ, ಸಾಕು ಅಂದುಕೊಂಡೆ.

ಆ ವಾರವೆಲ್ಲ ಮನೆಗೆ ಬಂದವರಿಗೆ ಅತ್ತೆ ಹೇಳಿದ್ದು ಒಂದೇ, ಇಂಜಿನ್ ತೊಳೆದವಳು ತಾನು ಅಂತ.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಈಗ ಈ ಟಕಟಕ. ಮೇಲಿನ ಕವರ್ ಬಿಚ್ಚಿದೆ. ವಾಲ್ವ್ ಒತ್ತುವ ರಾಕರ್‌ಗಳು ಒಣಗಿಕೊಂಡಿವೆ, ಒಂದು ಹನಿ ಆಯಿಲ್ ಹತ್ತಿಲ್ಲ. ರಾಕರ್ ಬಿಚ್ಚಿ, ಆಯಿಲ್ ಬರುವ ಸಣ್ಣ ತೂತಿಗೆ ತಂತಿ ಹಾಕಿ ಎಳೆದೆ.

ನಾರು ಬಂತು. ಎರಡೆಳೆ, ಆಯಿಲ್‌ನಲ್ಲಿ ಮುದ್ದೆಯಾಗಿ.

ಅತ್ತೆ ಹಿಂದೆಯೇ ನಿಂತಿದ್ದರು. ಏನೋ ಕಸ ಅಂದೆ ನಾನು. ಅವರು ಅದನ್ನು ತೆಗೆದುಕೊಂಡು ಬೆರಳಲ್ಲಿ ಹೊಸಕಿದರು. ಹುಟ್ಟಿದಾಗಿಂದ ನಾರು ಮುಟ್ಟಿದ ಕೈ ಅದು, ಮೋಸ ಹೋಗುತ್ತದಾ?

"ನಮ್ ನಾರೇ ಕಣೇ ಇದು," ಅಂದು ಒಳಗೆ ಹೋದರು. ಮಧ್ಯಾಹ್ನ ಊಟಕ್ಕೂ ಕೂರಲಿಲ್ಲ. ಕಾರು ಹಾಳಾಗಿ ಹೋಗಲಿ, ಅವರ ಮುಖ ನೋಡೋಕೆ ಆಗಲಿಲ್ಲ ನನಗೆ.

ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಈ ಇಂಜಿನ್ನಿನಲ್ಲಿ ರಾಕರ್ ಬಿಚ್ಚಿದರೆ ಹೆಡ್ಡೂ ಸಡಿಲ. ಹೆಡ್ ಎತ್ತಿ ಪೂರ್ತಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಲೇಬೇಕು. ಗ್ಯಾಸ್ಕೆಟ್ ತುಮಕೂರಿನಿಂದ ಬರಲು ನಾಲ್ಕೈದು ದಿನ. ಕಾಯಿ ಸುಲಿಯೋರು ಬರೋದು ಸೋಮವಾರ, ಅಂದು ಶನಿವಾರ.

ಭಾನುವಾರ ಹೆಡ್ ಬಿಚ್ಚುತ್ತಾ ಕೂತಿದ್ದೆ. ಸುಲಿಯೋರ ಮೇಸ್ತ್ರಿ ಫೋನ್ ಮಾಡಿದ. ಅತ್ತೆ ಫೋನ್ ಹಿಡಿದೇ ಅಟ್ಟದ ಏಣಿ ಹತ್ತಿ, ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರು.

ಲೊಡಲೊಡ... ಕೆಳಗೆ ಕೂತಿದ್ದ ನನಗೇ ಕೇಳಿಸಿತು.

"ಇನ್ನೂ ಆಗಿಲ್ಲ ಕಣಪ್ಪ. ನೀರೈತೆ. ಮುಂದಿನ್ ವಾರ ಬಾ," ಅಂದರು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಇಳಿದು ಬಂದು, ತಮ್ಮ ಹಳೇ ಕಾಟನ್ ಸೀರೆಯೊಂದನ್ನು ಹರಿದು ನನ್ನ ಮಡಿಲಿಗೆ ಎಸೆದರು. ಇದರಲ್ಲಿ ಒರೆಸು, ಇದಕ್ಕೆ ನಾರಿಲ್ಲ ಅಂದರು.

ಗ್ಯಾಸ್ಕೆಟ್ ಬಂತು. ಪ್ರತಿ ತೂತಿಗೂ ತಂತಿ ಹಾಕಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಗಾಳಿ ಹೊಡೆಸಿ ಜೋಡಿಸಿದೆ. ಈ ಸಲ ಒಂದೇ ಕೀಗೆ ಸ್ಟಾರ್ಟ್. ಟಕಟಕ ಇಲ್ಲ. ರಾಕರ್ ಮೇಲೆಲ್ಲ ಆಯಿಲ್ ಹರಿಯುತ್ತಿದೆ.

ಇವತ್ತು ಬೆಳಿಗ್ಗೆ ಕಾರು ತಾನಾಗೇ ಅಟ್ಟದ ಕೆಳಗಿಂದ ಈಚೆ ಬಂತು. ಹಿಂದೆಯೇ ಕಾಯಿ ಸುಲಿಯೋರು ಬಂದರು.

ಮೇಸ್ತ್ರಿ ಒಂದು ಕಾಯಿ ಅಲ್ಲಾಡಿಸಿ ನಕ್ಕ. "ಇದು ಹೋದ್ ವಾರಾನೇ ಆಗಿತ್ತಲ್ಲಮ್ಮೋ. ನಿಮ್ ಕಿವಿ ಮಂದ ಆಯ್ತಾ?"

ಬೀದಿಯವರೆಲ್ಲ ಅಲ್ಲೇ ನಿಂತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು, "ವಯಸ್ಸಾಯ್ತಲ್ಲಪ್ಪ," ಅಂದರು. ಅಷ್ಟೇ.

ನಾನು ಅತ್ತೆಗೆ ಕಾರಿನ ಮುಂದಿನ ಬಾಗಿಲು ತೆಗೆದೆ. ಇದನ್ನು ಬರೆಯುವಾಗ ಅವರು ಪಕ್ಕದ ಸೀಟಿನಲ್ಲಿ ಕೂತು, ಇನ್ನೂ ಯಾಕೆ ಹೊರಟಿಲ್ಲ ಅಂತ ಬೈಯುತ್ತಿದ್ದಾರೆ.

ಮೊದಲ ರೌಂಡ್ ನಿಮಗೇ ಅಂತ ಮಾತು ಕೊಟ್ಟಿದ್ದೆನಲ್ಲ... ಈಗ ಅಪ್ಪನಿಗೆ ಏನು ಹೇಳಲಿ?